ಪಲ್ಲಕ್ಕಿಯ ಸಾಲು

ಒಂದು ಸಾಲು ತೆಗೆಯಬೇಕಂತೆ. ನಾನು ಚಿಕ್ಕಂದಿನಲ್ಲಿ ಓದಿದ ಶಾಲೆಯವರು ಸ್ಮರಣ ಸಂಚಿಕೆ ತರುತ್ತಿದ್ದಾರೆ, ಹಳೆಯ ವಿದ್ಯಾರ್ಥಿಗಳೆಲ್ಲ ಬಾಲ್ಯದ ನೆನಪು ಬರೆದು ಕೊಡಿ ಎಂದು ಕೇಳಿದ್ದರು. ನಾನು ನನ್ನ ಅಜ್ಜಿ ದಿನಾ ಬೆಳಿಗ್ಗೆ ದೇವರಿಗೆ ಬೈಯುತ್ತಿದ್ದದ್ದನ್ನು ಬರೆದು ಕಳಿಸಿದೆ. ಮೊನ್ನೆ ಸಂಪಾದಕ ಸಮಿತಿಯ ಮಂಜುನಾಥ ಫೋನ್ ಮಾಡಿದ. ಈಗ ಅದೇ ಶಾಲೆಯಲ್ಲಿ ಮೇಷ್ಟ್ರು. ಒಂದು ಕಾಲದಲ್ಲಿ ಹೊಸದುರ್ಗದ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲೇ ಸಮಾಜ ವಿಜ್ಞಾನ ಕಲಿತವನು.

“ಮೇಡಂ, ಲೇಖನ ಭಾಳ ಚೆನ್ನಾಗೈತ್ರಿ. ಸಮಿತಿಯೋರು ಓದಿ ಓದಿ ನಕ್ರು. ಆ ಪಲ್ಲಕ್ಕಿ ಸಾಲು ಒಂದು ತೆಗೆದ್ಬಿಡಾಣ್ರಿ. ಭಕ್ತರ ಭಾವನೆಗೆ ಧಕ್ಕೆ ಆಗತೈತೆ ಅಂತಾರೆ.”

“ದೇವರಿಗೆ ಬೈದದ್ದು?”

“ಅದು ಇರ್ಲಿ ಬಿಡ್ರಿ. ಅದ್ರಿಂದ ಯಾರಿಗೂ ಏನೂ ತೊಂದ್ರೆ ಇಲ್ಲ.”

ದೇವರಿಗೆ ಬೈದರೆ ಯಾರಿಗೂ ತೊಂದರೆ ಇಲ್ಲ! ನನ್ನ ಮೈ ಉರಿದುಹೋಯಿತು. ಎರಡು ದಿನ ಬಿಟ್ಟು ಹೇಳುತ್ತೇನೆ ಅಂದು ಫೋನಿಟ್ಟೆ. ಅಪ್ಪ ಅವ್ವ ನನಗೆ ಶಾಂತಮ್ಮ ಅಂತ ಹೆಸರಿಟ್ಟಿದ್ದರು, ಅವರ ಆಸೆ ಕೈಗೂಡಲಿಲ್ಲ. ಆ ಸಾಲು ನಮ್ಮ ಮನೆಗೆ ಹೇಗೆ ಬಂತು, ಬಂದು ಏನು ಮಾಡಿತು ಅನ್ನುವುದನ್ನು ಸಂಚಿಕೆಗೆ ಕಳಿಸಿದ ಎರಡು ಪುಟದಲ್ಲಿ ನಾನು ಬರೆದಿರಲಿಲ್ಲ. ಇಲ್ಲಿ ಬರೆಯುತ್ತೇನೆ.

ನಮ್ಮ ಮನೆ ಇದ್ದದ್ದು ಚಿಕ್ಕಜಾಜೂರಿನಲ್ಲಿ, ರೈಲ್ವೆ ಗೇಟಿನಿಂದ ಕೂಗಳತೆ ದೂರದಲ್ಲಿ. ಮಣ್ಣಿನ ಮಾಳಿಗೆ ಮನೆ. ಗೂಡ್ಸ್ ಗಾಡಿ ಹೋದರೆ ಮಾಳಿಗೆಯಿಂದ ಮಣ್ಣು ಉದುರಿ ಪಾತ್ರೆಗೆ ಬೀಳುತ್ತಿತ್ತು. ಅದಕ್ಕೇ ಗಾಡಿಯ ಸದ್ದು ದೂರದಲ್ಲಿ ಕೇಳಿದ ಕೂಡಲೇ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಸಾರಿನ ಗಡಿಗೆಗೆ ತಟ್ಟೆ ಮುಚ್ಚುತ್ತಿದ್ದಳು. ಇವತ್ತಿಗೂ ರೈಲಿನ ಸದ್ದು ಕೇಳಿದರೆ ನನ್ನ ಕೈ ಮುಚ್ಚಳ ಹುಡುಕುತ್ತದೆ. ಬಾಗಿಲು ದಾಟಿದರೆ ಪಡಸಾಲೆ, ಎಡಕ್ಕೆ ಹೊಗೆ ಹಿಡಿದ ಅಡುಗೆಮನೆ, ಬಲಕ್ಕೆ ರಾಗಿ ತುಂಬಿಡುವ ಕತ್ತಲೆ ಕೋಣೆ. ಆ ಕೋಣೆಯಲ್ಲಿ ನಾನು ಬೈಸಿಕೊಂಡಾಗಲೆಲ್ಲ ಹೋಗಿ ಅಡಗುತ್ತಿದ್ದೆ, ರಾಗಿಯ ತಂಪು ವಾಸನೆಗೆ ಅಳು ತಾನಾಗಿ ನಿಲ್ಲುತ್ತಿತ್ತು. ಪಡಸಾಲೆಯ ಗೋಡೆಯಲ್ಲಿ ಒಂದು ಗೂಡು, ಅದೇ ದೇವರ ಮನೆ. ಅಪ್ಪ ಅಲ್ಲಿ ಊದುಬತ್ತಿ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅಪ್ಪನ ತಾಯಿ ಹಾಲಮ್ಮಜ್ಜಿಗೆ ಮಾತ್ರ ಆ ಗೂಡಿನ ಗೊಡವೆಯೇ ಇರಲಿಲ್ಲ. ಅವಳ ದೇವರು ಅವಳ ಕೊರಳಲ್ಲಿದ್ದ.

ಅಜ್ಜಿ ಸ್ನಾನ ಮಾಡಿ, ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು, ಹಣೆಗೆ ವಿಭೂತಿ ಎಳೆದು, ಪಡಸಾಲೆಯ ನಡುವೆ ಗವಾಕ್ಷಿಯ ಬೆಳಕು ಬೀಳುವ ಜಾಗಕ್ಕೆ ಮಣೆ ಹಾಕಿ ಕೂರುತ್ತಿದ್ದಳು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಮೇಲಿಟ್ಟುಕೊಂಡು, ತಂಬಿಗೆಯಿಂದ ನೀರು ಬಿಟ್ಟು, ಒಂದು ಪತ್ರೆ ಏರಿಸುತ್ತಿದ್ದಳು. ಅಲ್ಲಿಯವರೆಗೆ ಎಲ್ಲರ ಮನೆಯ ಪೂಜೆಯಂತೆಯೇ. ಆಮೇಲೆ ಶುರುವಾಗುತ್ತಿತ್ತು.

“ಏನಪ್ಪ, ಎಚ್ಚರ ಆತಾ? ಮೂರು ಕಣ್ಣು ಇಟ್ಕಂಡು ಒಂದರಾಗೂ ಕಾಣಾಕಿಲ್ವಾ ನಿಂಗೆ? ಬಾಗೂರಿನಾಗೆ ನನ್ ಮಗಳು ಗಂಡನ ಕೈಯಾಗೆ ಹೊಡೆತ ತಿಂದ್ಕಂಡು ಕುಂತಾಳೆ, ನೀನಿಲ್ಲಿ ತಣ್ಣೀರು ಹುಯ್ಯಿಸ್ಕಂಡು ಆರಾಮಾಗಿದೀಯ. ನಾಚ್ಕೆ ಆಗಾಕಿಲ್ವಾ? ಎಮ್ಮೆಗೆ ಕಾಲು ನೋವು ಅಂತ ನಿನ್ನೆ ಹೇಳಿದ್ನೋ ಇಲ್ವೋ? ಯಾರ್ ನೋಡ್ಬೇಕು ಅದನ್ನ, ಸ್ಟೇಷನ್ ಮಾಸ್ಟ್ರು ನೋಡ್ಬೇಕಾ?”

ಅಜ್ಜಿಗೆ ಮಂತ್ರ ಬರುತ್ತಿರಲಿಲ್ಲ, ಓದು ಬರಹವೂ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಬೈಗುಳ. ಅದನ್ನು ಅವಳು ಅಡುಗೆಯಷ್ಟೇ ಜೋಪಾನವಾಗಿ ಮಾಡುತ್ತಿದ್ದಳು, ನಿನ್ನೆಯದನ್ನು ಇವತ್ತು ಬಡಿಸುತ್ತಿರಲಿಲ್ಲ. ಬೈದು ಸಾಕಾದ ಮೇಲೆ ಸೆರಗಿನ ತುದಿಯಿಂದ ಲಿಂಗದ ನೀರು ಒರೆಸುತ್ತಿದ್ದಳು. ಹೆತ್ತ ಮಗುವಿನ ತಲೆ ಒರೆಸುವ ಹಾಗೆ ಒರೆಸುತ್ತಿದ್ದಳು. ಆಮೇಲೆ ಕರಡಿಗೆಯಲ್ಲಿಟ್ಟು, ಎದೆಯ ಮೇಲೆ ಸರಿಮಾಡಿಕೊಂಡು ಏಳುತ್ತಿದ್ದಳು.

“ಆತು, ಇವತ್ತಿಗೆ ಇಷ್ಟೇ. ಬಾ, ಹೊಲಕ್ಕೆ ಹೋಗಾಣ.”

ಅಜ್ಜಿ ಹೊಲಕ್ಕೆ ಯಾವತ್ತೂ ಒಬ್ಬಳೇ ಹೋಗಲಿಲ್ಲ ಅಂತ ನಾನು ತಿಳಿದಿದ್ದೆ. ಇಬ್ಬರು ಹೋಗುತ್ತಿದ್ದರು.

ನಮ್ಮ ಬೀದಿಯ ಹೆಂಗಸರಿಗೂ ಇದು ಗೊತ್ತಿತ್ತು. ನೀರಿಗೆ ಹೊರಟವರು ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ನಮ್ಮ ಹೊಸ್ತಿಲ ಹತ್ತಿರ ನಿಲ್ಲುತ್ತಿದ್ದರು. “ಅಜ್ಜಿ, ನಂದೂ ಒಂದ್ ಮಾತು ಸೇರ್ಸಿ ಬೈರಿ” ಅನ್ನುತ್ತಿದ್ದರು. ಒಬ್ಬಳಿಗೆ ಅತ್ತೆಯ ಕಾಟ, ಒಬ್ಬಳಿಗೆ ಮಕ್ಕಳಿಲ್ಲದ ಕೊರಗು, ಒಬ್ಬಳ ಎಮ್ಮೆ ಗಬ್ಬವೇ ನಿಲ್ಲುತ್ತಿರಲಿಲ್ಲ. ತಾವೇ ಬೈಯಲು ಅವರಿಗೆ ಧೈರ್ಯ ಸಾಲದು, ಅಜ್ಜಿಯ ಬಾಯಿಂದ ಬೈಸಿದರೆ ಬೈದ ಹಾಗೂ ಆಯಿತು, ಪಾಪ ಬಂದರೆ ಅಜ್ಜಿಗೇ ಹೋಯಿತು. ಅಜ್ಜಿ ಯಾರನ್ನೂ ಬೇಡ ಅನ್ನುತ್ತಿರಲಿಲ್ಲ. ಅವಳು ಬೇಡ ಅಂದದ್ದು ಒಬ್ಬಳಿಗೇ. ರೈಲ್ವೆ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದವನ ಹೆಂಡತಿ ಜುಬೇದಮ್ಮ, ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯವಳು. ಅವಳ ಕೂಸಿಗೆ ಜ್ವರ ಬಂದು ಬಿಡದೇ ಇದ್ದಾಗ ಒಂದು ಬೆಳಿಗ್ಗೆ ಬಂದು ಪಡಸಾಲೆಯಲ್ಲಿ ಕೂತಳು.

“ಅಜ್ಜಿ, ನಮ್ಮ ದೇವ್ರಿಗೂ ಒಂದ್ ಮಾತು ಬೈದ್ಬಿಡ್ರಿ.”

“ಇವ್ನು ನಮ್ಮನೆಯೋನು, ನಾನ್ ಏನಾರ ಅಂದೇನು. ನಿಮ್ಮನೆಯೋನಿಗೆ ನಾನ್ ಹೆಂಗ್ ಅನ್ಲವ್ವ? ನೀನೇ ಅನ್ನು, ನಾನ್ ಪಕ್ಕದಾಗೆ ಕುಂತಿರ್ತೀನಿ.”

“ನಮ್ಮಲ್ಲಿ ಹಂಗೆಲ್ಲ ಬೈಯಂಗಿಲ್ಲ ಅಜ್ಜಿ.”

“ಹಂಗಾರೆ ಅತ್ಬಿಡು.”

ಜುಬೇದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಜ್ಜಿ ಆವತ್ತು ಲಿಂಗಕ್ಕೆ ಬೈಯಲಿಲ್ಲ, ಅದನ್ನು ಅಂಗೈಯಲ್ಲಿಟ್ಟುಕೊಂಡು ಅವಳ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಕೂಸು ಬದುಕಿತು, ಅದು ಬೇರೆ ಮಾತು. ಮುಂದೆ ಮೂವತ್ತು ವರ್ಷ ನಾನು ಮಕ್ಕಳಿಗೆ ಜಾತ್ಯತೀತ ರಾಷ್ಟ್ರದ ಪಾಠ ಮಾಡಿದೆನಲ್ಲ, ಆ ಪುಸ್ತಕದ ಯಾವ ಪುಟದಲ್ಲೂ ಇಷ್ಟು ನೇರವಾಗಿ ಬರೆದಿರಲಿಲ್ಲ.

ಅಪ್ಪನಿಗೆ ಇದೆಲ್ಲ ಅವಮಾನ ಅನ್ನಿಸತೊಡಗಿದ್ದು ಅವನು ಮಠದ ಸೇವಾ ಸಮಿತಿಗೆ ಸೇರಿದ ಮೇಲೆ. ಅದು ನಮ್ಮ ಕಡೆಯ ಒಂದು ಸಣ್ಣ ಮಠ. ಹೆಸರು ಬರೆಯುವುದಿಲ್ಲ, ಬರೆದರೆ ಅದಕ್ಕೂ ಒಂದು ಸಮಿತಿ ಕೂರುತ್ತದೆ. ಅಲ್ಲಿಯ ಸ್ವಾಮಿಗಳು ಸಾಧು ಮನುಷ್ಯರು, ಮಕ್ಕಳನ್ನು ಕಂಡರೆ ಕಲ್ಲುಸಕ್ಕರೆ ಕೊಡುತ್ತಿದ್ದರು. ಸಮಿತಿಯ ಮುಖ್ಯಸ್ಥ ಪರಮೇಶಣ್ಣ ಮಾತ್ರ ಸ್ವಾಮಿಗಳಿಗಿಂತ ದೊಡ್ಡ ಸ್ವಾಮಿ. ಹೆಗಲ ಮೇಲಿನ ಶಾಲು ತೆಗೆಯದೇ ಊಟ ಮಾಡುತ್ತಿದ್ದ ಮನುಷ್ಯ. ಅಪ್ಪ ಸಮಿತಿಗೆ ಸೇರಿದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನ ಮೇಲೆ ಹರಿಹಾಯುತ್ತಿದ್ದ. ಬೈಯಬೇಕಾದ್ದು ಅಜ್ಜಿಗೆ, ಬೈಸಿಕೊಳ್ಳುತ್ತಿದ್ದದ್ದು ಅವ್ವ. “ಮುದುಕಿ ಬಾಯಿ ಬೀದಿಗೆಲ್ಲ ಕೇಳತೈತೆ, ಮರ್ಯಾದೆ ಬ್ಯಾಡ್ವಾ ಈ ಮನೆಗೆ?” ಅವ್ವ ಮುದ್ದೆ ಕೋಲು ತಿರುವುತ್ತಾ ತಲೆ ಎತ್ತುತ್ತಿರಲಿಲ್ಲ. ಪಡಸಾಲೆಯಿಂದ ಅಜ್ಜಿಯ ದನಿ ಬರುತ್ತಿತ್ತು: “ಕೇಳಿದ್ಯೇನಪ್ಪ? ಮರ್ಯಾದೆ ಬೇಕಂತೆ. ನಿನ್ ಹತ್ರ ಇದ್ರೆ ಒಂದೀಟು ಕೊಡು ಅವ್ನಿಗೆ.” ಅಪ್ಪ ಧುಮುಗುಡುತ್ತಾ ಮುದ್ದೆ ಉಣ್ಣದೇ ಎದ್ದು ಹೋಗುತ್ತಿದ್ದ, ಮಧ್ಯಾಹ್ನ ಬಂದು ಎರಡು ಮುದ್ದೆ ಉಣ್ಣುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ ಸ್ವಾಮಿಗಳನ್ನು ಪಲ್ಲಕ್ಕಿಯಲ್ಲಿ ನಮ್ಮ ಊರಿಗೆ ಕರೆತಂದರು. ಹೊತ್ತವರಲ್ಲಿ ಅಪ್ಪನೂ ಒಬ್ಬ. ಬರಿಗಾಲಲ್ಲಿ, ಸುಡುವ ಬೀದಿಯಲ್ಲಿ, ಗೇಟಿನಿಂದ ಊರ ಮುಂದಿನ ಕಟ್ಟೆಯವರೆಗೆ. ಪರಮೇಶಣ್ಣ ಪಕ್ಕದಲ್ಲಿ ಕೊಡೆ ಹಿಡಿದುಕೊಂಡು ನಡೆದ, ಹೆಗಲು ಕೊಡಲಿಲ್ಲ. ಸಂಜೆ ಅಪ್ಪ ಅಂಗಿ ಬಿಚ್ಚಿ ಪಡಸಾಲೆಯಲ್ಲಿ ಬೋರಲು ಮಲಗಿದಾಗ ನೋಡಿದೆ, ಬಲ ಹೆಗಲಿನ ಚರ್ಮ ಅಂಗೈಯಷ್ಟಗಲ ಕಿತ್ತುಬಂದಿತ್ತು. ಅವ್ವ ಹರಳೆಣ್ಣೆ ಬಿಸಿ ಮಾಡಿ ನನ್ನ ಕೈಗೆ ಕೊಟ್ಟಳು. ನಾನು ಹಚ್ಚುತ್ತಿದ್ದರೆ ಅಪ್ಪ ಹಲ್ಲು ಕಚ್ಚಿಕೊಂಡು, “ಇದು ಪುಣ್ಯದ ಗಾಯ ಕಣವ್ವ, ಉರಿಯಾಕಿಲ್ಲ” ಅಂದ. ಅನ್ನುವಾಗ ಅವನ ಕಣ್ಣಿಂದ ನೀರು ಚಾಪೆಗೆ ಇಳಿಯುತ್ತಿತ್ತು. ಏಳು ದಿನ ಹಚ್ಚಿದೆ. ಆ ಏಳು ದಿನ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು, ಅದನ್ನು ಯಾರ ಹತ್ತಿರ ಕೇಳಬೇಕೋ ಗೊತ್ತಾಗಲಿಲ್ಲ.

ಕೇಳಿದ್ದು ಶಾಲೆಯ ವಾರ್ಷಿಕೋತ್ಸವದ ದಿನ. ನಾನು ಆರನೇ ಕ್ಲಾಸು. ಏಕಪಾತ್ರಾಭಿನಯಕ್ಕೆ ಯಾರು ಅಂದಾಗ ನಮ್ಮ ಮೇಷ್ಟ್ರು ನನ್ನ ಕಡೆ ನೋಡಿ, “ನಿಮ್ಮಜ್ಜಿ ತರ ಮಾಡೇ, ಊರಿಗೆ ಊರೇ ನಗತೈತೆ” ಅಂದರು. ಅಜ್ಜಿಗೆ ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಖುಷಿಯಾದಳು. ತನ್ನ ಹಳೇ ಸೀರೆ ತಾನೇ ಉಡಿಸಿದಳು. ನಾನು ಕೆರೆಯ ಕರಿಮಣ್ಣು ಉಂಡೆ ಮಾಡಿ, ಒಣಗಿಸಿ, ಎಣ್ಣೆ ಸವರಿ ಒಂದು ಲಿಂಗ ಮಾಡಿಕೊಂಡಿದ್ದೆ. ಅದನ್ನು ತಿರುಗಿಸಿ ನೋಡಿ, ಚೆನ್ನಾಗೈತೆ ಅಂದು, ಎಡಗೈಯಲ್ಲಿ ಹೇಗೆ ಹಿಡಿಯಬೇಕು ಅಂತ ತೋರಿಸಿಕೊಟ್ಟಳು.

“ಬೈವಾಗ ಮಧ್ಯೆ ನಗಬ್ಯಾಡ ಮತ್ತೆ. ಅವ್ನಿಗೆ ಬೇಜಾರಾಗತೈತೆ. ಸುಮ್ನೆ ಆಡಿಕಂತಾವ್ಳೆ ಅಂದ್ಕಂತಾನೆ.”

ಅಜ್ಜಿ ಮುಂದಿನ ಸಾಲಿನಲ್ಲಿ ಚಾಪೆ ಮೇಲೆ ಕೂತಿದ್ದಳು. ಅವಳ ಹಿಂದೆ ಕುರ್ಚಿಗಳಲ್ಲಿ ಪರಮೇಶಣ್ಣ ಮತ್ತು ಊರಿನ ದೊಡ್ಡವರು. ಅಪ್ಪ ಪಕ್ಕದಲ್ಲಿ ನಿಂತಿದ್ದ. ಮೂರು ಕಣ್ಣಿನ ಮಾತು ಬಂತು, ಜನ ನಕ್ಕರು. ಎಮ್ಮೆ, ಸ್ಟೇಷನ್ ಮಾಸ್ಟರ್ ಬಂದರು, ಇನ್ನೂ ನಕ್ಕರು. ಪರಮೇಶಣ್ಣನೂ ಶಾಲು ಅಲ್ಲಾಡುವ ಹಾಗೆ ನಕ್ಕ. ಅಜ್ಜಿ ಕಲಿಸಿದ್ದು ಅಲ್ಲಿಗೆ ಮುಗಿದಿತ್ತು. “ಬಾ, ಹೊಲಕ್ಕೆ ಹೋಗಾಣ” ಅಂದು ಇಳಿದುಬಿಡಬೇಕಿತ್ತು. ಆದರೆ ಕಣ್ಣ ಮುಂದೆ ಅಪ್ಪ ನಿಂತಿದ್ದ, ಅಂಗಿಯೊಳಗೆ ಆ ಹೆಗಲಿತ್ತು. ಕೈಯಲ್ಲಿದ್ದ ಮಣ್ಣಿನ ಉಂಡೆಗೆ ನಾನು ನನ್ನದೇ ಪ್ರಶ್ನೆ ಕೇಳಿಬಿಟ್ಟೆ.

“ನೀನು ನನ್ ಕೊಳ್ಳಾಗೆ ಜೋತು ಬಿದ್ಕಂಡು, ಬಿಸ್ಲಾಗೆ ಬೆವರಾಗೆ ಹೊಲಕ್ಕೆ ನಡ್ಕಂಡು ಬರ್ತೀಯ. ನಿನ್ ಹೆಸ್ರು ಹೇಳೋ ಸ್ವಾಮಿಗಳಿಗೆ ಯಾಕಪ್ಪ ಪಲ್ಲಕ್ಕಿ? ಅವ್ರಿಗೇನ್ ಕಾಲಿಲ್ವಾ?”

ಕುರ್ಚಿಗಳು ಗಪ್ಪಾದವು. ಹಿಂದೆ ನೆಲದ ಮೇಲೆ ಕೂತಿದ್ದವರು ಮಾತ್ರ ಹೋ ಎಂದು ನಕ್ಕರು. ಅವರಲ್ಲಿ ಪಲ್ಲಕ್ಕಿ ಹೊತ್ತ ನಾಲ್ಕು ಜನ ಇದ್ದರು. ಆ ನಗು ನಿಲ್ಲುವ ಮೊದಲೇ ಪರಮೇಶಣ್ಣ ಎದ್ದು ಹೊರಟುಹೋದ.

ಸೋಮವಾರ ಅಜ್ಜಿಯನ್ನು ಮಠಕ್ಕೆ ಕರೆಸಿದರು. ಸ್ವಾಮಿಗಳು ಇರಲಿಲ್ಲ, ಬೇರೆ ಊರಿಗೆ ಹೋಗಿದ್ದರು. ಈ ವಿಷಯ ಅವರ ಕಿವಿಗೆ ಬಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ಖಾಲಿ ಪೀಠ ಇತ್ತು, ಗೋಡೆಗೆ ಒರಗಿಸಿಟ್ಟ ಪಲ್ಲಕ್ಕಿಯ ದಂಡಿಗೆ ಇತ್ತು, ಕಂಬಳಿ ಮೇಲೆ ಸಮಿತಿಯವರು ಕೂತಿದ್ದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಲಿಂಗವನ್ನು ನಾಟಕದ ಸಾಮಾನು ಮಾಡಿದ್ದು ತಪ್ಪು, ಭಕ್ತರ ಮನಸ್ಸಿಗೆ ನೋವಾಗಿದೆ ಅಂತ ಪರಮೇಶಣ್ಣ ಶುರುಮಾಡಿದ. ಅಜ್ಜಿಗೆ ಅರ್ಥವಾಗಲಿಲ್ಲ.

“ಯಾರಿಗ್ ನೋವಾತಪ್ಪ? ನಾನ್ ದಿನಾ ಬೈತಿದ್ದಾಗ ಯಾರಿಗೂ ಆಗಿದ್ದಿಲ್ಲ. ನಿಮ್ಮವ್ವನೂ ನನ್ ಹತ್ರ ಬಂದು ಇವ್ನಿಗೆ ಬೈಸಿ...”

ಅಪ್ಪ ಅವಳ ಕೈ ಹಿಡಿದುಕೊಂಡ. “ಅವ್ವ, ನಿನ್ ಕಾಲಿಗ್ ಬೀಳ್ತೀನಿ, ನನ್ ಮಾನ ಉಳ್ಸು.” ಅಜ್ಜಿ ಮಗನ ಮುಖ ನೋಡಿ ಬಾಯಿ ಮುಚ್ಚಿದಳು. ಆಗ ಪರಮೇಶಣ್ಣ ನಿಜವಾಗಿ ಕೇಳಬೇಕಾದ್ದನ್ನು ಕೇಳಿದ. “ಮಕ್ಕಳಿಗೇನ್ ಗೊತ್ತಾಗತೈತೆ? ದೊಡ್ಡೋರು ಆಡಿದ್ದು ಆಡ್ತಾವೆ. ಆ ಪಲ್ಲಕ್ಕಿ ಮಾತು ನಿಮ್ದೇನ್ರಿ?”

ಅಜ್ಜಿ ನನ್ನ ಕಡೆ ತಿರುಗಿದಳು. ಆ ಮಾತು ಅವಳು ಕಲಿಸಿದ್ದಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಹೇಳುತ್ತೇನೇನೋ ಅಂತ ಒಂದು ಗಳಿಗೆ ಕಾದಳು. ನಾನು ಕಂಬಳಿಯ ಅಂಚಿನ ಕೆಂಪು ಗೆರೆ ನೋಡುತ್ತಾ ನಿಂತೆ. ಆ ಗೆರೆಯಲ್ಲಿ ಎಲ್ಲೆಲ್ಲಿ ನೂಲು ಹರಿದಿತ್ತು ಅಂತ ಈಗ ಕೇಳಿದರೂ ಹೇಳಬಲ್ಲೆ.

“ಹೂಂ, ನಂದೇ ಮಾತು. ತಪ್ಪಾತು” ಅಂದಳು ಅಜ್ಜಿ.

ಅಷ್ಟಕ್ಕೆ ಬಿಡಲಿಲ್ಲ. ಖಾಲಿ ಪೀಠದ ಮುಂದೆ ನಿಲ್ಲಿಸಿ, ಕೈ ಮುಗಿಸಿ, ಇನ್ನು ಮೇಲೆ ಇಂಥ ಮಾತು ಆಡುವುದಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿಸಿದರು. ಅರವತ್ತು ದಾಟಿದ ಹೆಂಗಸು, ಹುಟ್ಟಿದ ದಿನದಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಅದಕ್ಕೆ ನೀರು ಹಾಕದೇ ಒಂದು ತುತ್ತು ಬಾಯಿಗೆ ಇಡದವಳು, ಒಂದು ಮರದ ಪೀಠಕ್ಕೆ ಕ್ಷಮೆ ಕೇಳಿದಳು. ನಂಬಿಕೆಗೆ ಗೌರವ ಕೊಡಿ, ನಂಬಿಕೆಗೆ ಗೌರವ ಕೊಡಿ ಅಂತ ಈಗ ದಿನಬೆಳಗಾದರೆ ಕೇಳುತ್ತೇನೆ. ಕೊಡೋಣ. ಆದರೆ ಯಾರ ನಂಬಿಕೆಗೆ? ಆ ಮಠದಲ್ಲಿ ಆವತ್ತು ಅಜ್ಜಿಗಿಂತ ಹೆಚ್ಚು ನಂಬಿದವರು ಯಾರಿದ್ದರು? ಎದುರಿಗೆ ಕೂತಿದ್ದಾನೆ, ಕೇಳಿಸಿಕೊಳ್ಳುತ್ತಾನೆ, ಬೇಜಾರು ಮಾಡಿಕೊಳ್ಳುತ್ತಾನೆ ಅಂತ ನಂಬಿದವಳು ಅವಳೊಬ್ಬಳು. ಅವಳ ಭಾವನೆಗೆ ಧಕ್ಕೆಯಾಯಿತಲ್ಲ, ಅದಕ್ಕೆ ಯಾವ ಸಮಿತಿ ಕೂತಿತು? ದೇವರ ಹೆಸರಿನಲ್ಲಿ ನೊಂದುಕೊಳ್ಳುವವರ ನೋವು ಎಲ್ಲಿಂದ ಏಳುತ್ತದೆ ಅಂತ ನಾನು ಹನ್ನೊಂದನೇ ವಯಸ್ಸಿಗೇ ನೋಡಿದೆ. ಅದು ಕುರ್ಚಿಯಿಂದ ಏಳುತ್ತದೆ.

ವಾಪಸ್ ಬರುವಾಗ ರೈಲ್ವೆ ಗೇಟು ಹಾಕಿತ್ತು. ಅಪ್ಪ ಮುಂದೆ, ಕಂಬಿಗೆ ಕೈಯಿಟ್ಟು ನಿಂತಿದ್ದ. ಗೂಡ್ಸ್ ಗಾಡಿಯ ಸದ್ದಿನಲ್ಲಿ ಅವನಿಗೆ ಕೇಳುವುದಿಲ್ಲ ಅಂತ ಅಜ್ಜಿ ಬಗ್ಗಿ ನನ್ನ ಕಿವಿಗೆ ಹೇಳಿದಳು.

“ಅಷ್ಟು ವರ್ಷ ಬೈದೀನಿ, ಆ ಮಾತು ನನಗೆ ಹೊಳೀಲಿಲ್ಲ ನೋಡು. ಭಾಳ ಚೆನ್ನಾಗಿತ್ತು ಕಣೇ.”

ಮಾರನೇ ದಿನ ಅಜ್ಜಿ ಸ್ನಾನ ಮಾಡಿ, ಮಣೆ ಹಾಕಿ, ಲಿಂಗ ಅಂಗೈಗೆ ತೆಗೆದುಕೊಂಡಳು. ನೀರು ಬಿಟ್ಟಳು, ಪತ್ರೆ ಏರಿಸಿದಳು, ಒರೆಸಿ ಕರಡಿಗೆಗೆ ಇಟ್ಟು ಎದ್ದಳು. ಒಂದು ಮಾತಿಲ್ಲ. ಹೊಸ್ತಿಲ ಹತ್ತಿರ ಕೊಡ ಹೊತ್ತು ನಿಂತಿದ್ದ ಇಬ್ಬರು ಮುಖ ಮುಖ ನೋಡಿಕೊಂಡು ಹೋದರು. ಹೀಗೇ ವಾರ ಕಳೆಯಿತು, ತಿಂಗಳು ಕಳೆಯಿತು. ಹೆಂಗಸರು ಬರುವುದು ನಿಂತಿತು. ಅಜ್ಜಿಗೆ ಹುಷಾರಿಲ್ಲವಾ ಅಂತ ಹಿತ್ತಲ ಬೇಲಿಯ ಹತ್ತಿರ ಅವ್ವನನ್ನು ಕೇಳಿದವಳು ಜುಬೇದಮ್ಮ ಒಬ್ಬಳೇ. ಅಪ್ಪ ನೆಮ್ಮದಿಯಾಗಿ ಮುದ್ದೆ ಉಣ್ಣುತ್ತಾ, “ಈಗ ನೋಡು, ಮನೆ ಮನೆ ತರ ಐತೆ” ಅಂದ. ಆ ತುತ್ತು ಅವನ ಕೈಯಿಂದ ಕಿತ್ತು ಎಸೆಯಬೇಕು ಅನ್ನಿಸಿತ್ತು ನನಗೆ. ಎಸೆಯಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಧೈರ್ಯ ಮಾಡಿ ಅಜ್ಜಿಯನ್ನೇ ಕೇಳಿದೆ, ಯಾರೂ ಇಲ್ಲ, ಮೆಲ್ಲಗೆ ಬೈ ಅಂದೆ.

“ಬೈಯಾಕಿಲ್ಲ ಅಂತ ಮಾತು ಕೊಟ್ಟು ಬಂದೀನಲ್ಲವ್ವ.”

“ಬೈಬ್ಯಾಡ. ಸುಮ್ನೆ ಮಾತಾಡ್ಸು.”

“ಬೈದೆ ಇದ್ರೆ ಅವ್ನ ಹತ್ರ ಮಾತಾಡಾಕೆ ನನಗೆ ಇನ್ನೇನೈತೆ? ನಂಗ್ ಗೊತ್ತಿರೋದು ಅದೊಂದೇ.”

ಎರಡು ವರ್ಷ ಅವಳು ಅವನ ಹತ್ತಿರ ಮಾತು ಬಿಟ್ಟಳು. ಬಾಗೂರಿನ ಅತ್ತೆ ಗಂಡನ ಕಾಟ ತಾಳಲಾರದೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದಾಗಲೂ ಬೈಯಲಿಲ್ಲ. ಎಮ್ಮೆ ಸತ್ತಾಗಲೂ ಬೈಯಲಿಲ್ಲ. ಹೊಲಕ್ಕೆ ಹೋಗುವಾಗ ಬಾ ಅಂತ ಕರೆಯಲೂ ಇಲ್ಲ. ಲಿಂಗ ಎದೆಯ ಮೇಲೆ ಇತ್ತು, ಅವಳು ಮಾತ್ರ ಒಬ್ಬಳೇ ಹೋಗುತ್ತಿದ್ದಳು. ಒಂದು ಚಳಿಗಾಲದ ಬೆಳಿಗ್ಗೆ ಮಣೆಯ ಮೇಲೆ ಕೂತಲ್ಲೇ ಹೋಗಿಬಿಟ್ಟಳು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು. ಕೂರಿಸಿ, ಎಡಗೈಯಲ್ಲಿ ಅವಳ ಲಿಂಗ ಇಟ್ಟರು. ಪರಮೇಶಣ್ಣ ಶಾಲು ಹೊದ್ದು ಬಂದು, ಎಂಥ ಭಕ್ತೆ, ಎಂಥ ಭಕ್ತೆ ಅಂದ. ನನಗೆ ಆ ಮಣ್ಣನ್ನೇ ಬಾಚಿ ಅವನ ಬಾಯಿಗೆ ತುಂಬುವಷ್ಟು ಸಿಟ್ಟು ಬಂದಿತ್ತು. “ಬಾ, ಹೋಗಾಣ” ಅನ್ನುವ ಎರಡು ಮಾತು ಆ ಅಂಗೈಗೆ ಯಾರಾದರೂ ಹೇಳಬೇಕಿತ್ತು. ನಾನು ಹೇಳಬಹುದಿತ್ತು. ಅವ್ವನ ಸೆರಗಿನ ಹಿಂದೆ ನಿಂತಿದ್ದೆ.

ಬಹಳ ವರ್ಷಗಳ ಮೇಲೆ, ಅಪ್ಪನಿಗೆ ಮುಪ್ಪು ಬಂದು ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬೆನ್ನು ಒರೆಸುತ್ತಾ ಹೇಳಿಬಿಟ್ಟೆ. ಪಲ್ಲಕ್ಕಿ ಮಾತು ಅಜ್ಜಿಯದಲ್ಲ, ನನ್ನದು ಅಂದೆ.

“ಗೊತ್ತಿತ್ತು ಕಣವ್ವ. ನನ್ ಹೆಗಲಿಗೆ ಎಣ್ಣೆ ಹಚ್ಚಿದೋಳು ನೀನು.”

“ಗೊತ್ತಿದ್ದೂ ಅವಳ ಕೈಲಿ ಕ್ಷಮೆ ಕೇಳ್ಸಿದ್ಯಾ?”

“ನೀನು ಹೆಣ್ಣು ಹುಡುಗಿ, ಬೆಳೆಯೋಳು. ಹೆಸ್ರು ಕೆಡಬಾರ್ದು ಅಂತ. ಅವ್ವಂದೇನು, ವಯಸ್ಸಾಗಿತ್ತು.”

ಮೂರು ಜನಕ್ಕೂ ಗೊತ್ತಿತ್ತು. ಗೊತ್ತಿದ್ದ ಮೂರು ಜನರಲ್ಲಿ ಬಾಯಿ ಕಳೆದುಕೊಂಡವಳು ತಪ್ಪು ಮಾಡದವಳು. ಅಪ್ಪ ಕಾಯಿಲೆ ಮನುಷ್ಯ, ಬೈಯಲಾಗಲಿಲ್ಲ. ಬಲ ಹೆಗಲಿನ ಮೇಲೆ ಚರ್ಮ ಇನ್ನೂ ಬಣ್ಣ ಬೇರೆ ಇತ್ತು, ಅಲ್ಲಿ ಸ್ವಲ್ಪ ಮೆಲ್ಲಗೆ ಒರೆಸಿದೆ.

ನಾನೇನು ದೊಡ್ಡ ಧೈರ್ಯವಂತೆ ಅಂತ ಇದನ್ನೆಲ್ಲ ಬರೆಯುತ್ತಿಲ್ಲ. ಹೊಸದುರ್ಗದಲ್ಲಿ ಮೂಲಭೂತ ಹಕ್ಕುಗಳ ಪಾಠ ಮಾಡುತ್ತಿದ್ದಾಗ ಒಂದು ಹುಡುಗಿ ಎದ್ದು ನಿಂತು, “ಮಿಸ್, ದೇವ್ರಿಗೆ ಬೈದ್ರೆ ಜೈಲಿಗೆ ಹಾಕ್ತಾರಾ?” ಅಂತ ಕೇಳಿದಳು. ಕ್ಲಾಸು ನಕ್ಕಿತು. ನನ್ನ ಬಾಯಿಗೆ ಅಜ್ಜಿಯ ಹೆಸರೇ ಬಂದಿತ್ತು. ಬಾಗಿಲ ಹೊರಗೆ ಹೆಡ್‌ಮಾಸ್ಟರು ಓಡಾಡುತ್ತಿದ್ದರು. “ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಅಂದುಬಿಟ್ಟೆ. ಆ ಕ್ಲಾಸಿನಲ್ಲಿ ಮಂಜುನಾಥನೂ ಕೂತಿದ್ದ. ಪರೀಕ್ಷೆಗೆ ಬರದಿದ್ದದ್ದನ್ನು ಅವನು ಕಲಿಯಲಿಲ್ಲ, ಅವನದೇನು ತಪ್ಪು?

ಎರಡು ದಿನ ಕಳೆದು ಇವತ್ತು ಬೆಳಿಗ್ಗೆ ಅವನೇ ಫೋನ್ ಮಾಡಿದ. ಫೋನ್ ತೆಗೆಯುವ ಮೊದಲು ಸಂಚಿಕೆಗೆ ಕಳಿಸಿದ ಲೇಖನವನ್ನು ಇನ್ನೊಮ್ಮೆ ಓದಿದ್ದೆ. ಓದಿ ಸಿಟ್ಟು ಬಂದದ್ದು ಸಮಿತಿಯ ಮೇಲಲ್ಲ. ನಿವೃತ್ತಳಾದ ಮೇಲೆ, ಯಾರ ಹಂಗೂ ಇಲ್ಲದೆ, ನನ್ನ ಮನೆಯಲ್ಲಿ ನಾನು ಕೂತು ಬರೆದದ್ದು ಅದು. ಅದರಲ್ಲೂ ಪಲ್ಲಕ್ಕಿಯ ಮಾತಿನ ಹಿಂದೆ “ಅಜ್ಜಿ ಅಂದಳು” ಅಂತ ಬರೆದಿದ್ದೆ. ಮಠದ ಕಂಬಳಿಯ ಮುಂದೆ ಹನ್ನೊಂದು ವರ್ಷದವಳು ಮಾಡಿದ್ದನ್ನೇ ಮತ್ತೆ ಮಾಡಿದ್ದೆ.

“ಏನ್ ಮಾಡಾಣ್ರಿ ಮೇಡಂ? ನಾಳೆ ಪ್ರೆಸ್ಸಿಗೆ ಕೊಡ್ಬೇಕು. ಅಜ್ಜಿ ಈಗಿಲ್ಲ, ಅವ್ರ ಮಾತಿಗೆ ನಾಳೆ ಯಾರ್ ಜವಾಬ್ದಾರಿ ಅಂತ ಸಮಿತಿಯೋರು ಕೇಳ್ತಾವ್ರೆ.”

“ಸಾಲು ತೆಗೀಬ್ಯಾಡಪ್ಪ. ಅದ್ರ ಹಿಂದೆ ‘ಅಜ್ಜಿ ಅಂದಳು’ ಅಂತ ಐತಲ್ಲ, ಅದನ್ನ ತೆಗಿ.”

“ಮತ್ತೆ ಏನಂತ ಹಾಕ್ಲಿ?”

“‘ನಾನು ಅಂದೆ’ ಅಂತ ಹಾಕು. ಆ ಲೇಖನದಾಗೆ ಅಜ್ಜಿದಲ್ಲದ ಮಾತು ಅದೊಂದೇ. ಹಾಕಲ್ಲ ಅಂದ್ರೆ ಇಡೀ ಲೇಖನ ವಾಪಸ್ ಕಳ್ಸು.”

ತಪ್ಪಿಲ್ಲದ ಹಾಗೆ ಬರೆದುಕೋ ಅಂದು ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ, ಕಾಲಿಲ್ವಾ ಅನ್ನುವವರೆಗೆ, ನಿಧಾನವಾಗಿ ಹೇಳಿದೆ. ಮಧ್ಯೆ ನಗಲಿಲ್ಲ.